ಮನೆ, ಕೊಟ್ಟಿಗೆ, ಧಾನ್ಯದ ಕೋಣೆ ಒಂದೇ ಆವರಣದಲ್ಲಿ: ಇಲಿ, ಹುಳು, ಸೊಳ್ಳೆ ನಿಯಂತ್ರಣ ಯಾವುದರಿಂದ ಶುರು ಮಾಡಬೇಕು?

ಆವರಣ_ನಕ್ಷೆ

ಒಂದೇ ಕಾಂಪೌಂಡಿನೊಳಗೆ ವಾಸದ ಮನೆ, ಅದರ ಗೋಡೆಗೇ ಅಂಟಿಕೊಂಡ ಮೇವು-ಧಾನ್ಯದ ಕೋಣೆ, 5 ಮೀಟರ್ ಆಚೆ ಕೊಟ್ಟಿಗೆ. 8 ಹಸು, 3 ಕರು, 2 ನಾಯಿ, 1 ಬೆಕ್ಕು. 1,000 ಲೀಟರಿನ ತೆರೆದ ಸಿಮೆಂಟ್ ತೊಟ್ಟಿ. ಹಿಂದೆ ತಿಪ್ಪೆ, ಅದರಾಚೆ ಹೊಲ. ಸಂಜೆ ಹೊತ್ತು ಗೂಬೆ ಬಂದು ಕೂರುತ್ತದೆ.

ಕಾಟ: ಹೆಗ್ಗಣ, ಸುಂಡಿಲಿ, ಹಸುಗಳ ಮೈಮೇಲೆ ಉಣ್ಣೆ, ನೊಣ, ಸೊಳ್ಳೆ, ಧಾನ್ಯದಲ್ಲಿ ನುಸಿ, ಅಡುಗೆಮನೆಯಲ್ಲಿ ಜಿರಲೆ.

ಒಂದೇ ದಿನದಲ್ಲಿ ಮುಗಿಸಲು ಹಾಕಿದ ಯೋಜನೆ ಹೀಗಿದೆ: ಬೆಳಿಗ್ಗೆ ಹಸುಗಳಿಗೆ ಉಣ್ಣೆ ಔಷಧಿ, ಆವರಣದ ತುಂಬ ಬ್ರೋಮಾಡಿಯೊಲೋನ್ ಎಂಬ ಇಲಿ ಪಾಷಾಣದ ಬಿಲ್ಲೆ, ಧಾನ್ಯದ ಕೋಣೆಗೆ ನುಸಿ ಕೊಲ್ಲಲು ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆ, ಅಡುಗೆಮನೆಗೆ ಜಿರಲೆಯ ಜೆಲ್ ಮತ್ತು ಸ್ಪ್ರೇ, ಸಂಜೆ ಹೊಗೆ ಯಂತ್ರ. ಜನರಿಗೂ ದನಕ್ಕೂ ಸುತ್ತಲಿನ ಜೀವಿಗಳಿಗೂ ಕೆಡುಕಾಗದ ಹಾಗೆ ಇದನ್ನು ತಿದ್ದಬೇಕು. ಯಾವುದನ್ನು ಕೈಬಿಡಬೇಕು, ಯಾವುದು ಮೊದಲು?

ಸಂಗ್ರಹಾಗಾರ

ಉಳಿದದ್ದೆಲ್ಲ ಆಮೇಲೆ ಮಾತಾಡೋಣ. ಆ ಮಾತ್ರೆಯನ್ನು ಮೊದಲು ಪಟ್ಟಿಯಿಂದ ಹೊಡೆದುಹಾಕಿ.

3 ಗ್ರಾಮಿನ ಒಂದು ಮಾತ್ರೆ ಗಾಳಿಯ ತೇವ ಹೀರಿಕೊಂಡು ಸುಮಾರು 1 ಗ್ರಾಂ ಫಾಸ್ಫೀನ್ ಎಂಬ ವಿಷಾನಿಲ ಬಿಡುತ್ತದೆ. ಗೋಡೆಯ ಬಿರುಕು, ವೈರಿಂಗ್ ಪೈಪು, ಮಾಡಿನ ಸಂದು, ಎಲ್ಲಿ ದಾರಿ ಸಿಕ್ಕರೂ ಪಕ್ಕದ ಕೋಣೆಗೆ ನುಗ್ಗುತ್ತದೆ. ಮಲಗಿದವರಿಗೆ ಗೊತ್ತೇ ಆಗುವುದಿಲ್ಲ. ಬೆಳ್ಳುಳ್ಳಿಯಂಥ ವಾಸನೆ ಬರುತ್ತದೆ ಎನ್ನುತ್ತಾರೆ, ಆ ವಾಸನೆ ಹೆಚ್ಚಾಗಿ ಅದರಲ್ಲಿರುವ ಕಲ್ಮಶಗಳದ್ದು. ವಾಸನೆ ಇಲ್ಲ ಎಂದಮಾತ್ರಕ್ಕೆ ಅನಿಲ ಇಲ್ಲ ಎಂದು ನಂಬುವಂತಿಲ್ಲ. ಇದಕ್ಕೆ ಪ್ರತಿವಿಷವೂ ಇಲ್ಲ. ಮನೆಗೆ ಗೋಡೆ ತಾಗಿದ ಕೋಣೆಯಲ್ಲಿ ಇದನ್ನು ಎಷ್ಟು ಎಚ್ಚರದಿಂದ ಬಳಸಿದರೂ ತಪ್ಪೇ. ಅದು ತರಬೇತಿ ಪಡೆದವರು, ಅನಿಲ ಅಳೆಯುವ ಸಾಧನ ಇಟ್ಟುಕೊಂಡು, ಜನವಸತಿಯಿಂದ ದೂರದ ಗೋದಾಮಿನಲ್ಲಿ ದಿನಗಟ್ಟಲೆ ಸೀಲ್ ಮಾಡಿ ಮಾಡುವ ಕೆಲಸ.

ಆವರಣ_ನಕ್ಷೆ

ಮಾತ್ರೆ ಕೈಬಿಟ್ಟಾಯಿತು. ಹಾಗಾದರೆ ನುಸಿಗೆ ಬೇರೆ ಏನು?

ಸಂಗ್ರಹಾಗಾರ

ನುಸಿಗೆ ಬೇಕಾದ್ದು ಎರಡು: ತೇವ ಮತ್ತು ಗಾಳಿ. ಎರಡನ್ನೂ ಕಿತ್ತುಕೊಳ್ಳಿ.

ಮೊದಲು ತೇವ. ಧಾನ್ಯ ಸುಮಾರು 12 ಶೇಕಡಾಕ್ಕೆ ಒಣಗಿರಬೇಕು. ಮೀಟರ್ ಇಲ್ಲದಿದ್ದರೆ ಉಪ್ಪಿನ ಪರೀಕ್ಷೆ ಸಾಕು: ಚೆನ್ನಾಗಿ ಒಣಗಿದ ಗಾಜಿನ ಬಾಟಲಿಯ ಕಾಲು ಭಾಗದಷ್ಟು ಧಾನ್ಯ ಹಾಕಿ, ಎರಡು ಮೂರು ಚಮಚ ಒಣ ಪುಡಿಯುಪ್ಪು ಸೇರಿಸಿ, ಮುಚ್ಚಳ ಬಿಗಿದು ಒಂದು ನಿಮಿಷ ಅಲ್ಲಾಡಿಸಿ, 15 ನಿಮಿಷ ಬಿಡಿ. ಉಪ್ಪು ಗಾಜಿಗೆ ಮೆತ್ತಿಕೊಂಡರೆ ತೇವ 15 ಶೇಕಡಾಕ್ಕಿಂತ ಮೇಲಿದೆ, ಇನ್ನೂ ಒಣಗಿಸಿ. ಮೆತ್ತದಿದ್ದರೆ 15ಕ್ಕಿಂತ ಕೆಳಗಿದೆ ಎಂದಷ್ಟೇ ಅರ್ಥ. 12 ಆಗಿದೆ ಎಂದಲ್ಲ, ಇನ್ನೊಂದೆರಡು ಬಿಸಿಲು ಕೊಡುವುದು ಒಳ್ಳೆಯದು.

ಆಮೇಲೆ ಗಾಳಿಯಾಡದ ಚೀಲ ಅಥವಾ ಡ್ರಮ್ಮು. ಒಳಗಿರುವ ಹುಳುಗಳೇ ಉಸಿರಾಡಿ ಆಮ್ಲಜನಕ ಮುಗಿಸುತ್ತವೆ. ಅದು 5 ಶೇಕಡಾಕ್ಕಿಂತ ಕೆಳಗಿಳಿದಾಗ ತಿನ್ನುವುದು ನಿಲ್ಲುತ್ತದೆ, ಮುಂದೆ ಸಾಯುತ್ತವೆ. ಸೋಲುವುದು ಎರಡು ಕಡೆ. ಚೀಲವನ್ನು ಅರ್ಧ ತುಂಬಿಸಿ ಕಟ್ಟಿದರೆ ಒಳಗೆ ಗಾಳಿ ಹೆಚ್ಚು ಉಳಿಯುತ್ತದೆ. ವಾರಕ್ಕೆರಡು ಸಲ ಬಿಚ್ಚಿ ತೆಗೆದರೆ ಪ್ರತಿ ಸಲವೂ ಹೊಸ ಗಾಳಿ ಸಿಗುತ್ತದೆ. ದಿನಬಳಕೆಗೆ ಒಂದು ಡ್ರಮ್ಮು ಬೇರೆ ಇಡಿ, ಉಳಿದದ್ದನ್ನು ಮುಟ್ಟಬೇಡಿ. ಆ ಚೀಲಗಳನ್ನು ಇಲಿ ಕಡಿದರೆ ಎಲ್ಲವೂ ವ್ಯರ್ಥ, ಆದ್ದರಿಂದ ಇಲಿಗಳಿರುವ ಕೋಣೆಗೆ ಲೋಹದ ಡ್ರಮ್ಮೇ ಮೇಲು.

ಇನ್ನೊಂದು ಮಾತು. ನುಸಿ ಎಂದರೆ ಹಿಟ್ಟು ಉದುರುವ ನಷ್ಟ ಮಾತ್ರ ಎಂದುಕೊಳ್ಳಬೇಡಿ. ಹುಳು ಕೊರೆದ ಕಾಳು ಬೆಚ್ಚಗಾಗಿ ಬೆವರುತ್ತದೆ, ಅಲ್ಲಿ ಆಸ್ಪರ್ಜಿಲಸ್ ಬೂಷ್ಟು ಹಿಡಿದು ಅಫ್ಲಾಟಾಕ್ಸಿನ್ ಎಂಬ ವಿಷ ಸೇರಿಕೊಳ್ಳಬಹುದು. ಮನುಷ್ಯರು ತಿನ್ನಲು ಹೇಸುವ ಆ ಮುಗ್ಗಲು ಕಾಳನ್ನೇ 'ದನಕ್ಕಿರಲಿ' ಎಂದು ಗೋದಲಿಗೆ ಸುರಿಯುವುದು ಎಲ್ಲ ಕಡೆಯ ರೂಢಿ. ಹಸು ತಿಂದ ಬಿ1 ಬಗೆಯ ಅಫ್ಲಾಟಾಕ್ಸಿನಿನ ಒಂದಂಶ ಎಂ1 ಎಂಬ ಬಗೆಯಾಗಿ ಮಾರ್ಪಟ್ಟು ಒಂದು ದಿನದೊಳಗೆ ಹಾಲಿಗೆ ಬರುತ್ತದೆ. ಹಾಲು ಕಾಯಿಸಿದರೂ ಹೋಗುವುದಿಲ್ಲ. ಅದೇ ಹಾಲನ್ನು ಮಕ್ಕಳು ಕುಡಿಯುತ್ತಾರೆ. ಬೂಷ್ಟು ಹಿಡಿದ ಮೇವು ಯಾರ ಹೊಟ್ಟೆಗೂ ಬೇಡ.

ಬಿಲಶೋಧಕ

ಈಗ ಇಲಿ. ಬ್ರೋಮಾಡಿಯೊಲೋನ್ ಬಿಲ್ಲೆಯನ್ನು ಆವರಣದ ತುಂಬ ಹಾಕುವುದು ಕಡೆಯ ಹೆಜ್ಜೆಯನ್ನು ಮೊದಲೇ ಇಟ್ಟ ಹಾಗೆ. ಕ್ರಮ ಹೇಳುತ್ತೇನೆ.

ಮೊದಲ ಸಂಜೆ ಕಾಣುವ ಎಲ್ಲ ಬಿಲಗಳ ಬಾಯಿಗೂ ಸಡಿಲ ಮಣ್ಣು ಅಥವಾ ಕಾಗದದ ಉಂಡೆ ತುರುಕಿ. ಮರುದಿನ ಬೆಳಿಗ್ಗೆ ತೆರೆದುಕೊಂಡಿರುವವಷ್ಟೇ ಜೀವಂತ ಬಿಲ. ಅವನ್ನು ಎಣಿಸಿ ಬರೆದಿಡಿ. ಈ ಸಂಖ್ಯೆ ಇಲ್ಲದಿದ್ದರೆ ಒಂದು ತಿಂಗಳ ನಂತರ ಕೆಲಸ ಫಲಿಸಿತೋ ಇಲ್ಲವೋ ಹೇಳಲು ಆಧಾರವೇ ಇರುವುದಿಲ್ಲ. ಹಿಕ್ಕೆಯನ್ನೂ ನೋಡಿ: 3ರಿಂದ 6 ಮಿ.ಮೀ. ಇದ್ದು ತುದಿ ಚೂಪಾಗಿದ್ದರೆ ಸುಂಡಿಲಿ, 12 ಮಿ.ಮೀ. ದಾಟಿದರೆ ದೊಡ್ಡ ಇಲಿ. ಎರಡಕ್ಕೂ ಉಪಾಯ ಬೇರೆ.

ಎರಡನೆಯದು, ಧಾನ್ಯದ ಕೋಣೆಯನ್ನು ಬಂದೋಬಸ್ತು ಮಾಡುವುದು. ಸುಂಡಿಲಿಗೆ 6 ಮಿ.ಮೀ. ಸಂದು ಸಾಕು, ದೊಡ್ಡ ಇಲಿಯ ಮರಿಗೆ 12 ಮಿ.ಮೀ. ಪೆನ್ಸಿಲ್ ತೂರುವ ತೂತೆಲ್ಲ ಬಾಗಿಲೇ. ಕಿಟಕಿ, ಗಾಳಿಕಿಂಡಿಗೆ 6 ಮಿ.ಮೀ. ಕಣ್ಣಿನ ತಂತಿ ಜಾಲರಿ, ಪೈಪಿನ ಸುತ್ತ ಸ್ಟೀಲ್ ವುಲ್ ತುರುಕಿ ಮೇಲೆ ಸಿಮೆಂಟು. ಬರೀ ಫೋಮ್ ಹಾಕಿದರೆ ಒಂದೇ ರಾತ್ರಿಯಲ್ಲಿ ಕಡಿದು ಹಾಕುತ್ತವೆ. ಮರದ ಬಾಗಿಲಿನ ಕೆಳಗೆ 30 ಸೆಂ.ಮೀ. ತಗಡು ಬಡಿಯಿರಿ. ಚೀಲಗಳು ನೆಲದಿಂದ ಮೇಲೆ, ಗೋಡೆಯಿಂದ ಒಬ್ಬರು ನಡೆದು ನೋಡುವಷ್ಟು ದೂರ ಇರಲಿ. ಗೋಡೆಯ ಹೊರಗೆ ಸುತ್ತಲೂ 1 ಮೀಟರ್ ಅಗಲ ಗಿಡಗಂಟಿ ತೆಗೆಯಿರಿ, ಬಯಲು ದಾಟಲು ಇಲಿಗೆ ಅಂಜಿಕೆ.

ಮೂರನೆಯದು ಬಲೆ. ಒಳಾಂಗಣಕ್ಕೆ ಪಾಷಾಣ ಬೇಡವೇ ಬೇಡ. ಇಲಿ ಕತ್ತರಿಯನ್ನು ಗೋಡೆಗೆ ಅಡ್ಡಲಾಗಿ, ಆಹಾರವಿರುವ ತುದಿ ಗೋಡೆಗೆ ತಾಗುವಂತೆ ಇಡಬೇಕು. ಕೋಣೆಯ ಮಧ್ಯದಲ್ಲಿಟ್ಟರೆ ಏನೂ ಬೀಳುವುದಿಲ್ಲ, ಇಲಿ ಮೀಸೆ ಗೋಡೆಗೆ ತಾಗಿಸಿಕೊಂಡೇ ಓಡುತ್ತದೆ. ಸುಂಡಿಲಿಗೆ 2–3 ಮೀಟರಿಗೊಂದು, ದೊಡ್ಡ ಇಲಿಗೆ 5–6 ಮೀಟರಿಗೊಂದು. ದೊಡ್ಡ ಇಲಿಗೆ ಹೊಸ ವಸ್ತು ಕಂಡರೆ ಗುಮಾನಿ. ಮೊದಲ 3–4 ರಾತ್ರಿ ಕತ್ತರಿಯನ್ನು ಎಳೆದು ಕಟ್ಟದೆ ತಿಂಡಿ ಮಾತ್ರ ಇಡಿ. ತಿಂದು ರೂಢಿಯಾದ ಮೇಲೆ ಎಲ್ಲವನ್ನೂ ಒಂದೇ ರಾತ್ರಿ ಹೂಡಿ. ಎರಡು ಬಲೆಯನ್ನು ಹದಿನೈದು ದಿನ ಇಡುವುದಕ್ಕಿಂತ ಇಪ್ಪತ್ತು ಬಲೆಯನ್ನು ಮೂರು ರಾತ್ರಿ ಇಡುವುದೇ ಸರಿ. ಅಂಟು ಹಲಗೆ ಬೇಡ. ಪ್ರಾಣಿ ದಿನಗಟ್ಟಲೆ ನರಳುತ್ತದೆ, ಹೆದರಿಕೆಯಲ್ಲಿ ಅಲ್ಲೇ ಉಚ್ಚೆ ಹಿಕ್ಕೆ ಹಾಕುತ್ತದೆ, ಹಲ್ಲಿ-ಹಕ್ಕಿಯೂ ಸಿಕ್ಕಿಬೀಳುತ್ತವೆ.

ಬಿಲ ಶಾಶ್ವತವಾಗಿ ಮುಚ್ಚುವುದು ಕೊನೆಗೆ.

ಪಶುವೈದ್ಯೆ

ಬಿಲಶೋಧಕರು ಹೇಳಿದ ಕ್ರಮಕ್ಕೆ ಒಂದು ಸೇರ್ಪಡೆ. ಪ್ಲೇಗ್ ಅಥವಾ ಚಿಗಟದಿಂದ ಹರಡುವ ಟೈಫಸ್ ಜ್ವರ ಇರುವ ಪ್ರದೇಶವಾದರೆ ಇಲಿಗಿಂತ ಮೊದಲು ಚಿಗಟ. ಪ್ಲೇಗನ್ನು ಇಲಿಯಿಂದ ಮನುಷ್ಯನಿಗೆ ದಾಟಿಸುವುದು ಚಿಗಟ ಎಂದು ಫ್ರೆಂಚ್ ವೈದ್ಯ ಪಾಲ್-ಲೂಯಿ ಸಿಮೊಂಡ್ 1898ರಲ್ಲೇ ತೋರಿಸಿದರು. ಇಲಿಯ ಮೈ ತಣ್ಣಗಾದ ಕೂಡಲೇ ಚಿಗಟ ಅದನ್ನು ಬಿಟ್ಟು ಬೆಚ್ಚಗಿನ ಬೇರೆ ಮೈ ಹುಡುಕುತ್ತದೆ. ಸಿಗುವುದು ನಾಯಿ, ಬೆಕ್ಕು, ಮನುಷ್ಯ. ಅಂಥ ಕಡೆ ಇಲಿಗಳನ್ನು ಒಟ್ಟಿಗೆ ಕೊಂದರೆ ರೋಗವನ್ನು ಕೈಯಾರೆ ಮನೆಯೊಳಗೆ ಕರೆದ ಹಾಗೆ. ಬಿಲದ ಬಾಯಿಗೂ ಓಡಾಟದ ಜಾಡಿಗೂ ಚಿಗಟದ ಪುಡಿ ಹಾಕಿ, ಕೆಲವು ದಿನ ಬಿಟ್ಟು ಇಲಿಯ ಕೆಲಸ ಹಿಡಿಯಬೇಕು.

ಪುಡಿಯಲ್ಲಿ ಇರುವುದು ಪರ್ಮೆಥ್ರಿನ್ ಎಂಬ ಕೀಟನಾಶಕವಾದರೆ ಬೆಕ್ಕನ್ನು ಅತ್ತ ಬಿಡಬೇಡಿ. ಬೆಕ್ಕಿನ ಯಕೃತ್ತಿಗೆ ಪರ್ಮೆಥ್ರಿನ್ ಕರಗಿಸಿ ಹೊರಹಾಕುವ ಶಕ್ತಿ ತೀರಾ ಕಡಿಮೆ. ನಡುಕ, ಸೆಳವು ಬಂದು ಸಾಯಬಹುದು. ನಾಯಿಗೆಂದು ತಂದ ಹನಿ ಔಷಧಿಯನ್ನು ಬೆಕ್ಕಿಗೆ ಹಾಕಿದಾಗ ಆಗುವುದೂ ಇದೇ.

ಇಲಿ ಜ್ವರದ ಬಗ್ಗೆ. ಇಲಿಗೆ ಏನೂ ಆಗದೆ, ತಿಂಗಳುಗಟ್ಟಲೆ ಉಚ್ಚೆಯಲ್ಲಿ ಆ ಜ್ವರ ತರುವ ಲೆಪ್ಟೊಸ್ಪೈರಾ ಬ್ಯಾಕ್ಟೀರಿಯಾ ಬಿಡುತ್ತಿರುತ್ತದೆ. ಒದ್ದೆ ಮಣ್ಣು, ನಿಂತ ನೀರಿನಲ್ಲಿ ಅದು ವಾರಗಟ್ಟಲೆ ಬದುಕುತ್ತದೆ, ಒಣಗಿದರೆ ಸಾಯುತ್ತದೆ. ಹಸುವಿಗೆ ಗರ್ಭಪಾತ, ಹಾಲು ಇಳಿಕೆ. ಹಾಲು ಕರೆಯುವವರಿಗೆ ಹಸುವಿನ ಉಚ್ಚೆಯಿಂದಲೂ ಬರಬಹುದು, ಕಾಲಿನ ಗಾಯ ಸಾಕು. ಆದ್ದರಿಂದ ಕೊಟ್ಟಿಗೆಯ ನೆಲಕ್ಕೆ ಇಳಿಜಾರು ಕೊಟ್ಟು ಒಣಗಿಸುವುದು ಇಲಿ ಹಿಡಿಯುವುದರಷ್ಟೇ ಮುಖ್ಯ. ರಬ್ಬರ್ ಬೂಟು ಹಾಕಿಕೊಳ್ಳಿ. ನಾಯಿ, ಹಸುಗಳಿಗೆ ಲಸಿಕೆ ಇದೆ.

ಹಿಕ್ಕೆಯನ್ನು ಪೊರಕೆಯಿಂದ ಗುಡಿಸಬೇಡಿ, ಧೂಳೆದ್ದು ಉಸಿರಿಗೆ ಹೋಗುತ್ತದೆ. ಅರ್ಧ ಗಂಟೆ ಬಾಗಿಲು ಕಿಟಕಿ ತೆಗೆದಿಡಿ. 1 ಭಾಗ ಬ್ಲೀಚಿಗೆ 9 ಭಾಗ ನೀರು ಬೆರೆಸಿ ತೊಯ್ಯುವಷ್ಟು ಸಿಂಪಡಿಸಿ, 5 ನಿಮಿಷ ಬಿಟ್ಟು ಕಾಗದದಲ್ಲಿ ಒರೆಸಿ ತೆಗೆಯಿರಿ, ಕೈಗೆ ಗ್ಲೌಸ್ ಇರಲಿ. ಬ್ಲೀಚಿಗೆ ಆಮ್ಲದ ಕ್ಲೀನರ್ ಬೆರೆಸಬೇಡಿ, ಕ್ಲೋರಿನ್ ಅನಿಲ ಏಳುತ್ತದೆ.

ಆವರಣ_ನಕ್ಷೆ

ಉಣ್ಣೆ ವಿಷಯ ಬಿಟ್ಟೇಹೋಯಿತು ಮೇಡಂ. ಔಷಧಿ ಹೊಡೆದ ಮೂರೇ ವಾರಕ್ಕೆ ಮತ್ತೆ ಮೈ ತುಂಬ ಕಾಣಿಸುತ್ತದೆ ಎಂಬುದು ಸಾಮಾನ್ಯ ದೂರು. ಔಷಧಿಯೇ ಸರಿಯಿಲ್ಲವೇ?

ಪಶುವೈದ್ಯೆ

ಔಷಧಿ ಸರಿಯಿದ್ದರೂ ಹಾಗಾಗುತ್ತದೆ. ದನದ ಉಣ್ಣೆಯಲ್ಲಿ ಹೆಚ್ಚಾಗಿ ಕಾಡುವ ರೈಪಿಸೆಫಲಸ್ ಮೈಕ್ರೊಪ್ಲಸ್ ಹಸುವಿನ ಮೈಮೇಲೆ ಇರುವುದೇ ಸುಮಾರು 3 ವಾರ. ರಕ್ತ ಕುಡಿದು ಉಬ್ಬಿದ ಹೆಣ್ಣು ಕೆಳಗೆ ಬಿದ್ದು, ಗೋಡೆಯ ಬಿರುಕಿನಲ್ಲೋ ಮಣ್ಣಿನಲ್ಲೋ 2,000ಕ್ಕೂ ಹೆಚ್ಚು ಮೊಟ್ಟೆ ಇಟ್ಟು ಸಾಯುತ್ತದೆ. ಮೈಮೇಲಿನದನ್ನು ಮಾತ್ರ ಕೊಂದರೆ ಬಿರುಕಿನಲ್ಲಿರುವ ಮರಿಗಳು ಮತ್ತೆ ಹತ್ತುತ್ತವೆ. ಅದಕ್ಕೇ ಬಿರುಕುಗಳಿಗೆ ಸಿಮೆಂಟು ಗಾರೆ, ಗೋದಲಿಯ ಅಡಿ ಕೆರೆದು ತೆಗೆಯುವುದು, ಮತ್ತೆ 21 ದಿನಕ್ಕೆ ಇನ್ನೊಂದು ಸುತ್ತು.

ಉಣ್ಣೆ ಔಷಧಿ ಅಮಿಟ್ರಾಜ್ 12.5 ಶೇಕಡಾ ದ್ರಾವಣವಾದರೆ 1 ಲೀಟರ್ ನೀರಿಗೆ 2 ಮಿ.ಲೀ. ಡಬ್ಬಿಯ ಮೇಲೆ ಬೇರೆ ಪ್ರಮಾಣ ಇದ್ದರೆ ಡಬ್ಬಿಯದ್ದೇ ಅಂತಿಮ. ಅಂದೇ ಬೆರೆಸಿ ಅಂದೇ ಮುಗಿಸಿ. ದೊಡ್ಡ ಹಸುವಿನ ಚರ್ಮ ನೆನೆಯಲು 4–5 ಲೀಟರ್ ಬೇಕು. ಒಂದೇ ಲೀಟರಿನಲ್ಲಿ ಬೆನ್ನು ಒದ್ದೆ ಮಾಡಿ ಬಿಟ್ಟರೆ ಕಿವಿಯೊಳಗೆ, ಗಂಗೆದೊಗಲಿನ ಮಡಿಕೆಯಲ್ಲಿ, ಬಾಲದ ಬುಡದಲ್ಲಿ, ಕೆಚ್ಚಲ ಹಿಂದೆ ಇರುವವು ಉಳಿಯುತ್ತವೆ. ಅರೆಬರೆ ಪ್ರಮಾಣ ಸಿಕ್ಕಿ ಬದುಕಿದವುಗಳಿಂದಲೇ ಮದ್ದಿಗೆ ಬಗ್ಗದ ಪೀಳಿಗೆ ಹುಟ್ಟುತ್ತದೆ. ತಂಪು ಹೊತ್ತಿನಲ್ಲಿ, ನೀರು ಕುಡಿಸಿದ ಮೇಲೆ ಹೊಡೆಯಿರಿ, ಇಲ್ಲದಿದ್ದರೆ ಮೈ ನೆಕ್ಕುತ್ತವೆ. ಹಾಲು ಬಳಸದೆ ಬಿಡಬೇಕಾದ ಅವಧಿಯನ್ನು ಡಬ್ಬಿಯಲ್ಲಿ ನೋಡಿ. ಕುದುರೆಗಳಿದ್ದರೆ ಅಮಿಟ್ರಾಜ್ ಮುಟ್ಟಿಸಬಾರದು, ಕರುಳು ಕಟ್ಟುತ್ತದೆ.

ಐವರ್‌ಮೆಕ್ಟಿನ್ ಚುಚ್ಚಿದರೆ ಉಣ್ಣೆಗೂ ಜಂತಿಗೂ ಒಂದೇ ಏಟು ಎಂದು ಕೆಲವರು ತಿಂಗಳಿಗೊಮ್ಮೆ ಕೊಡುತ್ತಾರೆ. ಅದು ಸಗಣಿಯಲ್ಲಿ ಹೊರಬಂದು ಸಗಣಿ ಹುಳುಗಳ ಮರಿಗಳನ್ನು ಕೊಲ್ಲುತ್ತದೆ. ಸಗಣಿ ಹುಳು ಎರಡು ದಿನದಲ್ಲಿ ಚೂರು ಮಾಡಿ ಮಣ್ಣಿಗಿಳಿಸುವ ರಾಶಿ ಹಾಗೇ ಬಿದ್ದಿರುತ್ತದೆ. ಮೇವಿನ ನೆಲವೂ ಹಾಳು. ಜಂತು ಇದೆಯೇ ಎಂದು ಸಗಣಿ ಪರೀಕ್ಷೆ ಮಾಡಿಸಿ ಕೊಡಿ.

ಕೊಟ್ಟಿಗೆ_ಕೀಟ

ನೊಣಕ್ಕೆ ಔಷಧಿಗಿಂತ ಕ್ಯಾಲೆಂಡರೇ ಬೇಕು. ಸೆಕೆಯಲ್ಲಿ ಮನೆನೊಣ ಮೊಟ್ಟೆಯಿಂದ ರೆಕ್ಕೆ ಬರುವವರೆಗೆ 7–10 ದಿನ. ಸಗಣಿ, ಒದ್ದೆ ಹುಲ್ಲು ವಾರಕ್ಕೆರಡು ಸಲ ಹೊರಗೆ ಹೋದರೆ ಹುಳು ನೊಣವಾಗುವ ಮೊದಲೇ ಕೊಟ್ಟಿಗೆ ಬಿಟ್ಟಿರುತ್ತದೆ. ತಿಪ್ಪೆಯನ್ನು ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಿ ಅಂಚಿಗೆ ಮಣ್ಣು ಹೇರಿ. ಒಳಗಿನ ಕಾವಿಗೆ ಹುಳು ಸಾಯುತ್ತವೆ. ಅಂಚು ತೆರೆದಿದ್ದರೆ ಹುಳುಗಳೆಲ್ಲ ತಣ್ಣಗಿರುವ ಆ ಅಂಚಿಗೇ ಬಂದು ಕೋಶ ಕಟ್ಟುತ್ತವೆ, ಆದ್ದರಿಂದ ಅಂಚೇ ಮುಖ್ಯ. ಹಸುಗಳು ಕಾಲು ಒದೆಯುತ್ತಿದ್ದರೆ ಅದು ಕಚ್ಚುವ ನೊಣ. ಗೋದಲಿಯ ಮೂಲೆಯಲ್ಲಿ ಕೊಳೆತ ಹುಲ್ಲು-ಗಂಜಲ ಬೆರೆತ ಜಾಗ ಹುಡುಕಿ, ಅಲ್ಲೇ ಹುಟ್ಟುತ್ತಿರುತ್ತದೆ.

ಲಾರ್ವಾ_ಲೆಕ್ಕ

ಹೊಗೆ ಯಂತ್ರಕ್ಕೆ ಬರುತ್ತೇನೆ. ಹೊಗೆ ಕೊಲ್ಲುವುದು ಆ ಕ್ಷಣ ಹಾರುತ್ತಿರುವ ಸೊಳ್ಳೆಯನ್ನು ಮಾತ್ರ. ತೊಟ್ಟಿಯ ಹುಳುವಿಗೆ ಏನೂ ಆಗದು. ಮರುದಿನ ಹೊಸದು ಹಾರುತ್ತದೆ. ಅದರ ಮೇಲೆ, ಹೊಗೆಯಲ್ಲಿ ಬಳಸುವ ಪೈರೆಥ್ರಾಯ್ಡ್ ಕೀಟನಾಶಕ ಮೀನಿಗೂ ಏರೋಪ್ಲೇನ್ ಚಿಟ್ಟೆಯ ಮರಿಗೂ ಘೋರ ವಿಷ. ಸೊಳ್ಳೆ ಹುಳುವನ್ನು ಪುಕ್ಕಟೆ ತಿನ್ನುತ್ತಿದ್ದವರು ಅವರೇ.

ಡೆಂಗ್ಯೂ ತರುವ ಈಡಿಸ್ ಮೊಟ್ಟೆ ಇಡುವುದು ನೀರಿನಲ್ಲಲ್ಲ, ನೀರಿನ ಮಟ್ಟಕ್ಕಿಂತ ತುಸು ಮೇಲೆ, ತೊಟ್ಟಿಯ ಒದ್ದೆ ಗೋಡೆಗೆ. ಕಪ್ಪು ಸಾಸಿವೆಗಿಂತ ಸಣ್ಣ ಚುಕ್ಕೆಗಳ ಸಾಲು. ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ, ನೀರು ಮುಟ್ಟಿದ ದಿನ ಒಡೆಯುತ್ತದೆ. ಹಾಗಾಗಿ ನೀರು ಚೆಲ್ಲಿ ಮತ್ತೆ ತುಂಬಿಸಿದರೆ ಏನೂ ಮಾಡಿದಂತಾಗಲಿಲ್ಲ. ವಾರಕ್ಕೊಮ್ಮೆ ಖಾಲಿ ಮಾಡಿ ಗಟ್ಟಿ ಬ್ರಷ್‌ನಿಂದ ಗೋಡೆ ಉಜ್ಜಿ, ಆ ನೀರನ್ನು ಒಣ ಮಣ್ಣಿಗೆ ಸುರಿಯಿರಿ. ದನದ ಬಾನಿಗಳಿಗೂ ಇದೇ.

1,000 ಲೀಟರ್ ಖಾಲಿ ಮಾಡಲಾಗದಿದ್ದರೆ ಬಿಗಿ ಮುಚ್ಚಳ ಅಥವಾ ಸೊಳ್ಳೆ ಬಲೆ. ಅದೂ ಆಗದಿದ್ದರೆ ಬಿಟಿಐ ಬ್ಯಾಕ್ಟೀರಿಯಾದ ಬಿಲ್ಲೆ, ಡಬ್ಬಿಯ ಪ್ರಮಾಣದಂತೆ. ಹುಳು ಅದನ್ನು ತಿಂದರಷ್ಟೇ ಸಾಯುತ್ತದೆ. ಅಲ್ಪವಿರಾಮದ ಹಾಗೆ ಬಾಗಿರುವ ಕೋಶಗಳು ಏನೂ ತಿನ್ನುವುದಿಲ್ಲ, ಅವು ಸೊಳ್ಳೆಯಾಗಿಯೇ ಆಗುತ್ತವೆ. ಹಾಕಿದ ಎರಡು ದಿನಕ್ಕೆ ಸೊಳ್ಳೆ ಕಂಡು 'ಕೆಲಸ ಮಾಡಲಿಲ್ಲ' ಎನ್ನುವುದು ಇದಕ್ಕೇ. ಸೊಳ್ಳೆ ಹುಳು ಕೊಲ್ಲುವ ಟೆಮೆಫಾಸ್ ಮದ್ದಿನ 1 ಶೇಕಡಾ ಹರಳಾದರೆ 100 ಲೀಟರಿಗೆ 10 ಗ್ರಾಂ, ನಿಮ್ಮ ತೊಟ್ಟಿಗೆ 100 ಗ್ರಾಂ. ನೀರು ಅರ್ಧ ಇದ್ದಾಗಲೂ ತೊಟ್ಟಿಯ ಪೂರ್ತಿ ಅಳತೆಗೇ ಹಾಕುತ್ತಾರೆ, ಆಮೇಲೆ ತುಂಬಿದಾಗ ತೆಳುವಾಗಬಾರದಲ್ಲ. ಸೊಳ್ಳೆ ಹುಳು ತಿನ್ನುವ ಗ್ಯಾಂಬೂಸಿಯಾ ಮೀನನ್ನು ಹೊರಗೆ ಹರಿದುಹೋಗದ ತೊಟ್ಟಿಗೆ ಬಿಟ್ಟರೆ ಸರಿ, ಕೆರೆಗೆ ಬೇಡ. ಅದು ಅಲ್ಲಿನ ಮೀನುಮರಿ, ಕಪ್ಪೆಮರಿ ಎಲ್ಲವನ್ನೂ ತಿಂದು ಮುಗಿಸುತ್ತದೆ.

ಕೊಟ್ಟಿಗೆ_ಕೀಟ

> ಹೊಗೆ ಕೊಲ್ಲುವುದು ಆ ಕ್ಷಣ ಹಾರುತ್ತಿರುವ ಸೊಳ್ಳೆಯನ್ನು ಮಾತ್ರ

ಒಪ್ಪಿದೆ, ಆದರೆ ಜ್ವರ ಹರಡುತ್ತಿರುವಾಗ ಹೊಗೆ ಬೇಡ ಎಂದು ಯಾರೂ ಓದಿಕೊಳ್ಳಬಾರದು. ಆಗ ಸೋಂಕು ಹೊತ್ತ ದೊಡ್ಡ ಸೊಳ್ಳೆಯೇ ಗುರಿ.

ಲಾರ್ವಾ_ಲೆಕ್ಕ

ಸರಿಯಾದ ತಿದ್ದುಪಡಿ. ಆಗಲೂ ಈಡಿಸ್ ಮನೆಯೊಳಗೆ ಮಂಚದಡಿ, ಬಟ್ಟೆ ತೂಗುಹಾಕಿದ ಕತ್ತಲಲ್ಲಿ ಕೂತಿರುತ್ತದೆ. ಬಾಗಿಲು ಮುಚ್ಚಿದ ಮನೆಗಳ ಮುಂದಿನ ಬೀದಿಯಲ್ಲಿ ಹೊಗೆ ಬಿಟ್ಟರೆ ಅದು ತಲುಪುವುದಿಲ್ಲ. ಬಿಸಿಲೇರಿದ ಮೇಲೆ ಬಿಟ್ಟರೆ ಹೊಗೆ ಮೇಲಕ್ಕೆ ಹೋಗುತ್ತದೆ. ಸೂರ್ಯೋದಯ, ಸೂರ್ಯಾಸ್ತದ ಹೊತ್ತಿಗೆ, ಕೆಲವು ದಿನದ ಅಂತರದಲ್ಲಿ ಮತ್ತೆ ಮತ್ತೆ ಬಿಡಬೇಕು. ಜತೆಗೆ ತೊಟ್ಟಿ ಉಜ್ಜುವುದು ನಿಲ್ಲಬಾರದು.

ಸಂಗ್ರಹಾಗಾರ

ಜಿರಲೆಗೆ ಒಂದೇ ಮಾತು: ಜೆಲ್ ಹಾಕುವ ಕಡೆ ಸ್ಪ್ರೇ ಹೊಡೆಯಬೇಡಿ. ಸ್ಪ್ರೇಯ ಘಾಟಿಗೆ ಜಿರಲೆ ಜೆಲ್ಲಿನ ಹತ್ತಿರವೇ ಸುಳಿಯುವುದಿಲ್ಲ, ಎರಡೂ ದಂಡ. ಬಾಗಿಲಿನ ಕೀಲು, ಸಿಂಕಿನ ಅಡಿ, ಫ್ರಿಜ್ ಮೋಟರಿನ ಹಿಂದೆ ಸಣ್ಣ ಸಣ್ಣ ಚುಕ್ಕೆ ಇಡಿ, ಗೆರೆ ಎಳೆಯಬೇಡಿ. ಚಿಕ್ಕ ಜರ್ಮನ್ ಜಿರಲೆಯ ಒಂದು ಮೊಟ್ಟೆಚೀಲದಲ್ಲಿ 30–40 ಮರಿ, ಅದರೊಳಗೆ ಮದ್ದು ಇಳಿಯದು, ಆದ್ದರಿಂದ 2–4 ವಾರಕ್ಕೆ ಮತ್ತೊಮ್ಮೆ. ಕೆಲವೆಡೆ ಗ್ಲೂಕೋಸ್ ಎಂದರೆ ಮೂತಿ ತಿರುಗಿಸುವ ಜಿರಲೆಗಳೇ ಬೆಳೆದಿವೆ. ಜೆಲ್ ಮುಟ್ಟದಿದ್ದರೆ ಬೇರೆ ಬಗೆಯ ಜೆಲ್ಲಿಗೆ ಬದಲಿಸಿ. ಸತ್ತ ಜಿರಲೆ, ಹಿಕ್ಕೆಯ ಧೂಳು ಮಕ್ಕಳ ಆಸ್ತಮಾ ಕೆರಳಿಸುತ್ತದೆ. ಕೊಂದಮೇಲೆ ಒದ್ದೆ ಬಟ್ಟೆಯಿಂದ ಒರೆಸಿ ತೆಗೆದಾಗಲೇ ಕೆಲಸ ಮುಗಿದದ್ದು.

ಗೂಬೆಗೂಡು

ಆ ಗೂಬೆಯ ಪರವಾಗಿ ಎರಡು ಮಾತು. ಬ್ರೋಮಾಡಿಯೊಲೋನ್ ತಿಂದ ಇಲಿ ಅಂದೇ ಸಾಯುವುದಿಲ್ಲ. ಮೂರು ದಿನದಿಂದ ವಾರದವರೆಗೆ ಓಡಾಡಿಕೊಂಡು ಇನ್ನಷ್ಟು ಬಿಲ್ಲೆ ತಿನ್ನುತ್ತದೆ, ಮಂಕಾಗಿ ಬಯಲಿಗೆ ಬರುತ್ತದೆ. ಹಿಡಿಯಲು ಸುಲಭವಾದ ಅದನ್ನೇ ಗೂಬೆ, ಬೆಕ್ಕು ಹಿಡಿಯುತ್ತವೆ. ಮದ್ದು ಅವುಗಳ ಯಕೃತ್ತಿನಲ್ಲಿ ತಿಂಗಳುಗಟ್ಟಲೆ ಉಳಿದು, ಮುಂದಿನ ಇಲಿಯದ್ದೂ ಸೇರುತ್ತಾ ಹೋಗುತ್ತದೆ.

ಕಾವಲುಗಾರನನ್ನು ಕೊಂದರೆ ಕಳ್ಳ ಹೆಚ್ಚುತ್ತಾನೆ ಎಂಬುದಕ್ಕೆ ದೊಡ್ಡ ಸಾಕ್ಷಿ ಇಂಡೊನೇಷ್ಯಾದ ಭತ್ತ. ಕಂದು ಜಿಗಿಹುಳುವಿಗೆಂದು ಹೊಡೆದ ಮದ್ದು ಜೇಡಗಳನ್ನು ಕೊಂದಿತು, ಜಿಗಿಹುಳು ಇನ್ನೂ ಹೆಚ್ಚಿತು. 1986ರಲ್ಲಿ ಅಲ್ಲಿನ ಸರ್ಕಾರ ಭತ್ತಕ್ಕೆ 57 ಕೀಟನಾಶಕಗಳನ್ನು ನಿಷೇಧಿಸಿತು.

ಬಿಲಶೋಧಕ

ಅದಕ್ಕೇ ಪಾಷಾಣವನ್ನು ಕೊನೆಗಿಟ್ಟದ್ದು. ಬಲೆ, ಬಂದೋಬಸ್ತು ಎರಡೂ ಆಗಿ ಇನ್ನೂ ಜೀವಂತ ಬಿಲ ಉಳಿದರೆ ಮಾತ್ರ, ಮೊದಲ ಪೀಳಿಗೆಯ ಮದ್ದು, ಉದಾಹರಣೆಗೆ ಕೌಮಾಟೆಟ್ರಲಿಲ್. ಬೀಗ ಹಾಕುವ ಪೆಟ್ಟಿಗೆಯೊಳಗೆ, ಬಿಲ್ಲೆಯನ್ನು ತಂತಿಗೆ ಪೋಣಿಸಿ, ಇಲಿ ಹೊತ್ತೊಯ್ಯದ ಹಾಗೆ. ಹಲವು ದಿನ ಬಿಡದೆ ತಿನ್ನಬೇಕಾದ ಮದ್ದು ಅದು, ನಡುವೆ ಪೆಟ್ಟಿಗೆ ಖಾಲಿಯಾದರೆ ಸೋತಂತೆ. ತಿನ್ನುವುದು ನಿಂತ ದಿನ ಉಳಿದದ್ದನ್ನೆಲ್ಲ ಎತ್ತಿಬಿಡಿ. 'ಇರಲಿ' ಎಂದು ವರ್ಷವಿಡೀ ಬಿಡುವುದೇ ಗೂಬೆಗೆ ಮುಳುವಾಗುವುದು.

ಆವರಣ_ನಕ್ಷೆ

ನಾಯಿ ಅಕಸ್ಮಾತ್ ಬಿಲ್ಲೆ ತಿಂದರೆ? ಸತ್ತ ಇಲಿಯನ್ನು ಏನು ಮಾಡುವುದು?

ಪಶುವೈದ್ಯೆ

ತಿಂದದ್ದು ಕಂಡ ಕೂಡಲೇ ಡಬ್ಬಿಯ ಸಮೇತ ವೈದ್ಯರಲ್ಲಿಗೆ. 'ಆರಾಮಾಗಿದೆ, ನೋಡೋಣ' ಎಂದು ಕಾಯಬೇಡಿ. ರಕ್ತ ಹೆಪ್ಪುಗಟ್ಟಿಸುವ ಅಂಶಗಳು ಖಾಲಿಯಾಗಲು 2–3 ದಿನ ಬೇಕು, ಅಲ್ಲಿಯವರೆಗೆ ನಾಯಿ ಕುಣಿದಾಡಿಕೊಂಡೇ ಇರುತ್ತದೆ. ಇದಕ್ಕೆ ವಿಟಮಿನ್ ಕೆ1 ಇದೆ, ಕೆ3 ಕೆಲಸಕ್ಕೆ ಬಾರದು. ಬ್ರೋಮಾಡಿಯೊಲೋನಿನಂಥ ಎರಡನೇ ಪೀಳಿಗೆಯ ಮದ್ದಾದರೆ 3–4 ವಾರ ಕೊಡಬೇಕಾಗುತ್ತದೆ. ಜಿಂಕ್ ಫಾಸ್ಫೈಡ್ ಎಂಬ ಇನ್ನೊಂದು ಬಗೆಯ ಇಲಿ ಪಾಷಾಣ ತಿಂದಿದ್ದರೆ ಮಾತು ಬೇರೆ: ಏನೂ ತಿನ್ನಿಸಬೇಡಿ, ಆಹಾರ ಬಿದ್ದರೆ ಹೊಟ್ಟೆಯ ಆಮ್ಲ ಹೆಚ್ಚಿ ಫಾಸ್ಫೀನ್ ಜಾಸ್ತಿ ಏಳುತ್ತದೆ. ವಾಂತಿಯಿಂದಲೂ ಆ ಅನಿಲ ಬರುವುದರಿಂದ ಗಾಡಿಯ ಕಿಟಕಿ ತೆಗೆದಿಡಿ, ವಾಂತಿಯಾಗುವುದಾದರೆ ಬಯಲಿನಲ್ಲೇ ಆಗಲಿ.

ಸತ್ತ ಇಲಿಗೆ ಗ್ಲೌಸ್ ಹಾಕಿ, ಬ್ಲೀಚ್ ನೀರು ಸಿಂಪಡಿಸಿ, ಎರಡು ಚೀಲದಲ್ಲಿ ಕಟ್ಟಿ. ಹೂಳುವುದಾದರೆ ನಾಯಿ ಕೆದಕದಷ್ಟು ಆಳಕ್ಕೆ, ಬಾವಿಯಿಂದ ದೂರ. ತಿಪ್ಪೆಗೆ ಎಸೆಯಬೇಡಿ. ಪಾಷಾಣ ಇಟ್ಟ ದಿನಗಳಲ್ಲಿ ಬೆಳಗ್ಗೆ ಬೆಳಕು ಹರಿಯುವ ಮೊದಲೇ ಒಂದು ಸುತ್ತು ಹೋಗಿ ಹೆಕ್ಕಿ.

ಗೂಬೆಗೂಡು

ಪಾಷಾಣದ ಪೆಟ್ಟಿಗೆಗಳೆಲ್ಲ ಎತ್ತಿ ಕೆಲವು ತಿಂಗಳಾದ ಮೇಲೆ ಹೊಲದ ಕಡೆಗೆ ಮುಖವಿರುವ ಗೂಬೆ ಗೂಡು ಕಟ್ಟಬಹುದು, ಅದಕ್ಕಿಂತ ಮೊದಲು ಬೇಡ. 3 ಮೀಟರಿಗಿಂತ ಎತ್ತರದಲ್ಲಿ, ಬೆಕ್ಕು ಹತ್ತದ ಕಡೆ ಇರಲಿ. ತೂತಿನ ಕೆಳ ಅಂಚಿನಿಂದ ಗೂಡಿನ ತಳಕ್ಕೆ ಕನಿಷ್ಠ 45 ಸೆಂ.ಮೀ. ಆಳ ಬಿಡಿ. ಆಳ ಕಡಿಮೆಯಾದರೆ ರೆಕ್ಕೆ ಬಲಿಯುವ ಮೊದಲೇ ಮರಿಗಳು ಆಹಾರಕ್ಕೆಂದು ತೂತಿಗೆ ಬಂದು ಕೆಳಗೆ ಬೀಳುತ್ತವೆ, ಬಿದ್ದ ಮರಿಗೆ ತಾಯಿ ಉಣಿಸುವುದು ಅಪರೂಪ.